ಕೈ ಕೊಟ್ಟವನು

ಗಾಜಿನ ಹಾಳೆಯನ್ನು ಒಬ್ಬನೇ ಎತ್ತುವ ಹಾಗಿಲ್ಲ. ಆಳೆತ್ತರದ ಹಾಳೆಯ ಎರಡು ತುದಿಗೆ ಇಬ್ಬರು ನಿಂತು, ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಗಳನ್ನು ಒತ್ತಿ, ಒಂದೇ ಉಸಿರಿಗೆ ಎತ್ತಿ, ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಒಬ್ಬ ಅವಸರ ಮಾಡಿದರೆ ಇನ್ನೊಬ್ಬನ ಮಣಿಕಟ್ಟು ಹೋಯಿತೆಂದೇ ಲೆಕ್ಕ. ಆ ಗಾಜಿನ ಗೋದಾಮಿನಲ್ಲಿ ಕಡ್ಡಿಯೂ ಅವನ ಭಾವನೂ ಒಂಬತ್ತು ವರ್ಷದಿಂದ ಜೋಡಿ. ಕಡ್ಡಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಗೋದಾಮಿನವರು ಅವನ ಮೈಕಟ್ಟು ನೋಡಿ ಇಟ್ಟದ್ದು. ಭಾವ ಎಂದರೆ ಅಕ್ಕನ ಗಂಡ. ಎದೆಯಗಲದ, ನಗುವಾಗ ಹೊಟ್ಟೆ ಕುಲುಕುವ ಮನುಷ್ಯ. ಕಡ್ಡಿಯನ್ನು ಈ ಕೆಲಸಕ್ಕೆ ಕರೆತಂದವನೂ ಅವನೇ.

ಒಂಬತ್ತು ವರ್ಷವಾದರೂ ಇಬ್ಬರೂ ಕಾಯಂ ಆಗಿರಲಿಲ್ಲ. ಮೂರು ತಿಂಗಳಿಗೊಮ್ಮೆ ಗುತ್ತಿಗೆ ಹೊಸದಾಗಬೇಕು. ಅದಾದರೂ ದಿನಾ ಕೆಲಸ ಸಿಗುತ್ತದೆಂಬ ಖಾತ್ರಿಯಿಲ್ಲ. ನಾಳೆ ಯಾರು ಬರಬೇಕೆಂಬ ಪಟ್ಟಿ ಇವತ್ತು ಸಂಜೆ ಏಳಕ್ಕೆ ಫೋನಿಗೆ ಬರುತ್ತಿತ್ತು. ಭಾವ ಆರೂವರೆಗೇ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ. ಆ ಅರ್ಧ ಗಂಟೆ ಮಕ್ಕಳು ಕರೆದರೂ ಕಿವಿಗೆ ಬೀಳುತ್ತಿರಲಿಲ್ಲ.

"ನನ್ನ ಮುಖಾನ ಇಷ್ಟೊತ್ತು ನೋಡಿದ್ರೆ ನಾನು ನಾಚ್ಕೊಂಡೇ ಸಾಯ್ತಿದ್ದೆ" ಎಂದು ಅಕ್ಕ ಛೇಡಿಸುತ್ತಿದ್ದಳು.

"ನಿನ್ನ ಮುಖ ನಾಳೇನೂ ಇರುತ್ತೆ ಕಣೆ, ಇದರದ್ದು ಹೇಳೋಕಾಗಲ್ಲ" ಎನ್ನುತ್ತಿದ್ದ ಭಾವ. ಹೆಸರು ಬಂದರೆ ಊಟ. ಬರದಿದ್ದರೆ ಹಸಿವಿಲ್ಲವೆಂದು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ.

ಗುತ್ತಿಗೆ ಹೊಸದಾಗುವ ಮುಂಚೆ ಗೇಟಿನ ಪಕ್ಕದ ಕೋಣೆಯಲ್ಲಿ ಒಬ್ಬ ನರ್ಸಮ್ಮ ಕೂತು ಎಲ್ಲರ ಬಿ.ಪಿ. ನೋಡುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಸಲ ಭಾವನ ತೋಳಿಗೆ ಪಟ್ಟಿ ಸುತ್ತಿ, ಎರಡೆರಡು ಬಾರಿ ಗಾಳಿ ತುಂಬಿ, "ಬಹಳ ಏರಿದೆ, ಡಾಕ್ಟರಿಗೆ ತೋರಿಸಿ" ಎಂದು ಕೆಂಪು ಚೀಟಿ ಬರೆದುಕೊಟ್ಟಳು. ಮರುದಿನದಿಂದ ಹನ್ನೊಂದು ದಿನ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಕೇಳಲು ಹೋದರೆ ಸೂಪರ್‌ವೈಸರ್, "ನಿಮ್ಮ ಒಳ್ಳೇದಕ್ಕೇ ಅಲ್ವಾ? ಆರಾಮ ಮಾಡಿ" ಎಂದು ಬೆನ್ನು ತಟ್ಟಿ ಕಳಿಸಿದ.

ಡಾಕ್ಟರು ಕೊಟ್ಟ ಮಾತ್ರೆಯನ್ನು ಭಾವ ಎರಡು ತಿಂಗಳು ನುಂಗಿದ. ಮತ್ತೆ ಬರೆಸಿಕೊಳ್ಳಬೇಕೆಂದರೆ ಆಸ್ಪತ್ರೆ ತೆರೆದಿರುವುದು ಶಿಫ್ಟಿನ ಹೊತ್ತಿಗೇ. ಹೆಸರು ಬಂದ ದಿನ ಬರಲಾಗುವುದಿಲ್ಲ ಎಂದವನ ಹೆಸರು ಪಟ್ಟಿಯ ತಳಕ್ಕೆ ಇಳಿಯುತ್ತಿತ್ತು. ಇವತ್ತು ಹೋಗೋಣ, ನಾಳೆ ಹೋಗೋಣ ಎನ್ನುತ್ತಲೇ ಮಾತ್ರೆ ನಿಂತುಹೋಯಿತು.

ಮುಂದಿನ ತಪಾಸಣೆಯ ಬೆಳಿಗ್ಗೆ ಭಾವ ಕಡ್ಡಿಯನ್ನು ನೀರಿನ ತೊಟ್ಟಿಯ ಹಿಂದಕ್ಕೆ ಕರೆದ.

"ಲೋ, ನಿನ್ನ ಕೈ ಒಂದ್ಸಲ ಕೊಡೋ."

"ಯಾತಕ್ಕೆ ಭಾವ?"

"ಎರಡು ಸಲ ಕೂತ್ಕೊಂಡ್ರೆ ನಿನ್ನ ಗಂಟೇನು ಹೋಗುತ್ತೆ? ಒಂದ್ಸಲ ನಿನ್ನ ಚೀಟಿ ಹಿಡ್ಕೊ, ಇನ್ನೊಂದ್ಸಲ ನಂದು. ಹೆಲ್ಮೆಟ್ಟು, ಮಾಸ್ಕು ಹಾಕ್ಕೊಂಡ್ರೆ ನಾವೆಲ್ಲ ಒಂದೇ ಥರ ಕಾಣ್ತೀವಿ."

"ಹುಷಾರಿಲ್ದೆ ಇದ್ರೆ ತೋರಿಸ್ಕೊಳ್ಳಿ ಭಾವ. ಇದೆಂಥದು?"

"ನಂಗೇನಾಗಿದೆ? ಬಂಡೆ ಇದ್ದಂಗಿದೀನಿ. ನಿಮ್ಮಕ್ಕನಿಗೆ ಹೇಳ್ಬೇಡ, ಸುಮ್ನೆ ತಲೆ ತಿಂತಾಳೆ."

ಕಡ್ಡಿಗೆ ಮನಸ್ಸಿರಲಿಲ್ಲ. ಆದರೆ ಆ ಹನ್ನೊಂದು ದಿನ ಅಕ್ಕನ ಮನೆ ಹೇಗಿತ್ತೆಂದು ಅವನು ಕಂಡಿದ್ದ. ಕೆಲಸ ಕೊಡಿಸಿದ ಮನುಷ್ಯ ಬಾಯಿಬಿಟ್ಟು ಕೇಳುತ್ತಿರುವಾಗ ಇಲ್ಲವೆನ್ನುವುದು ಹೇಗೆ? ಎರಡು ಸಲ ಸರದಿಯಲ್ಲಿ ನಿಂತ. ಚೀಟಿಯಲ್ಲಿ ಫೋಟೋ ಇರಲಿಲ್ಲ, ಬರೀ ನಂಬರು. ನರ್ಸಮ್ಮ ತಲೆಯೆತ್ತದೆ ಅದರ ಮೇಲೇ ಬಿ.ಪಿ. ಬರೆದುಕೊಟ್ಟಳು. ಮೊದಲ ಸಲ ಬೆವರಿ ಬನಿಯನ್ ತೊಯ್ದುಹೋಗಿತ್ತು. ನಾಲ್ಕನೆಯ ಸಲದ ಹೊತ್ತಿಗೆ ಅದೂ ಒಂದು ಕೆಲಸವೆಂಬಂತೆ ರೂಢಿಯಾಯಿತು. ಹೀಗೆ ಏಳು ಸಲ.

ಏಳನೆಯದಾದ ಹದಿನೈದು ದಿನಕ್ಕೆ, ಬೆಳಗಿನ ಹತ್ತು ಗಂಟೆಯ ಹೊತ್ತಿಗೆ, ಭಾವ ಬಲಗೈಯನ್ನು ಮತ್ತೆ ಮತ್ತೆ ಒದರಿಕೊಳ್ಳುತ್ತಿದ್ದುದನ್ನು ಕಡ್ಡಿ ಕಂಡ.

"ಏನಾಯ್ತು?"

"ಜೋಮು ಹಿಡಿದಂಗಿದೆ. ಬೆಳಿಗ್ಗೆಯಿಂದ ತಲೇನೂ ಭಾರ."

"ಸೂಪರ್‌ವೈಸರ್‌ಗೆ ಹೇಳಿ ಸ್ವಲ್ಪ ಕೂತ್ಕೊಳ್ಳಿ."

"ಜನ ಕಡಿಮೆ ಮಾಡ್ತಾರಂತೆ ಅಂತ ಎಲ್ಲರೂ ಮಾತಾಡ್ತಿದ್ದಾರೆ, ಇವತ್ತೇ ಹೋಗಿ ಹೇಳ್ಲಾ? ಎತ್ತು, ಎತ್ತು."

ಎತ್ತಿದರು. ಆರು ಹೆಜ್ಜೆ ಸರಿಯಾಗಿ ನಡೆದರು. ಏಳನೆಯ ಹೆಜ್ಜೆಗೆ ಭಾವನ ಬೆರಳುಗಳು ಹಿಡಿಯನ್ನು ಬಿಟ್ಟವು. ಹಾಳೆ ಅವನ ಕಡೆಗೆ ವಾಲಿ, ನೆಲಕ್ಕೆ ಮೂಲೆ ತಾಗಿ, ಗೋದಾಮು ಇಡೀ ಬೆಚ್ಚುವಂತೆ ಒಡೆಯಿತು. ಚೂರುಗಳ ನಡುವೆ ಭಾವ ನಿಂತೇ ಇದ್ದ. ತನ್ನ ಕೈಯನ್ನೇ, ಅದು ಬೇರೆ ಯಾರದೋ ಎಂಬಂತೆ, ನೋಡುತ್ತಿದ್ದ. ಆಮೇಲೆ ಮಂಡಿ ಕುಸಿಯಿತು.

"ಕುಡಿದು ಬಂದಿದ್ದಾನೇನ್ರೋ?" ಎಂದು ಸೂಪರ್‌ವೈಸರ್ ದೂರದಿಂದಲೇ ಕಿರುಚಿಕೊಂಡು ಬಂದ. ಭಾವ ಏನೋ ಹೇಳಲು ಹೋದ. ಮಾತು ಬಾಯೊಳಗೇ ಕಲಸಿಹೋಯಿತು. ಒಂದು ಕಡೆಯ ತುಟಿ ಜಾರಿತ್ತು.

ಸಾಮಾನಿನ ವ್ಯಾನು ಓಡಿಸುವ ಡ್ರೈವರ್ ಗುಂಪನ್ನು ತಳ್ಳಿಕೊಂಡು ಬಂದ. "ನಮ್ಮಮ್ಮಂಗೆ ಹಿಂಗೇ ಆಗಿದ್ದು. ಲಕ್ವ ಇದು. ನೀರು ಗೀರು ಕುಡಿಸ್ಬೇಡಿ, ಎತ್ತಿ ವ್ಯಾನಿಗೆ ಹಾಕಿ!" ಸರಕು ಅರ್ಧ ತುಂಬಿದ್ದ ವ್ಯಾನಿನಲ್ಲಿ, ರಟ್ಟಿನ ಡಬ್ಬಗಳ ನಡುವೆ, ಕಡ್ಡಿ ಭಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಅಕ್ಕ ಮನೆಯಲ್ಲಿ ಬಟ್ಟೆ ಹೊಲಿಯುವ ಕೆಲಸ ಬಿಟ್ಟು ಆಸ್ಪತ್ರೆಗೆ ಓಡಿ ಬಂದಾಗ ಕತ್ತಿನಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಡಾಕ್ಟರಮ್ಮ ಸಣ್ಣ ವಯಸ್ಸಿನವಳು, ಮಾತು ಚುರುಕು.

"ಇವರಿಗೆ ಮುಂಚೆಯಿಂದ ಬಿ.ಪಿ. ಇತ್ತಾ?"

"ಒಂದ್ಸಲ ಇತ್ತಮ್ಮ, ಆಮೇಲೆ ಸರಿ ಹೋಯ್ತು. ಕೆಲಸದ ಕಡೆನೇ ನೋಡ್ತಾರೆ, ನಾನು ಎಲ್ಲಾ ಎತ್ತಿಟ್ಟಿದೀನಿ." ಅಕ್ಕ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದಳು. ಮನೆಯ ಮುಖ್ಯ ಕಾಗದಗಳ ಜತೆ ಆ ಏಳು ಚೀಟಿಗಳೂ ಅಂಚು ಮಾಸದಂತೆ ಇದ್ದವು. "ನೋಡಿ, ಒಂದು ಸಲಾನೂ ಏರಿಲ್ಲ."

ಡಾಕ್ಟರಮ್ಮ ಚೀಟಿಗಳನ್ನು ತಿರುವಿ ಹಾಕಿದಳು. ಹುಬ್ಬು ಗಂಟಿಕ್ಕಿತು. "ಇಷ್ಟು ಚೆನ್ನಾಗಿದ್ದೋರಿಗೆ ಈಗ ಇಷ್ಟೊಂದು ಹೇಗೆ..."

ಕಡ್ಡಿ ಡಾಕ್ಟರಮ್ಮನ ಮುಂದೆ ಬಂದ. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಳಗೆ ಮಲಗಿದ್ದವನು ಹೇಳುವ ಸ್ಥಿತಿಯಲ್ಲಿರಲಿಲ್ಲ.

"ಅದು ಅವರ ಕೈಯಲ್ಲ ಮೇಡಂ, ನಂದು. ಏಳೂ ಸಲ ನಾನೇ ಕೂತಿದ್ದು. ಅವರು ಮಾತ್ರೆ ಬಿಟ್ಟು ಎರಡು ವರ್ಷ ಆಗ್ತಾ ಬಂತು."

ಡಾಕ್ಟರಮ್ಮ ಬೈಯಲಿಲ್ಲ. ಯಾವ ಮಾತ್ರೆ, ಎಷ್ಟು ಹೊತ್ತಿಗೆ ಕೈ ಬಿದ್ದದ್ದು ಎಂದು ಎರಡೇ ಪ್ರಶ್ನೆ ಕೇಳಿ ಒಳಗೆ ಓಡಿದಳು. ಅಕ್ಕ ಚೀಟಿಗಳನ್ನು ಒಂದೊಂದಾಗಿ ಮತ್ತೆ ಕವರಿಗೆ ಹಾಕಿದಳು. ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಬೇಗ ತಂದದ್ದರಿಂದ ಜೀವ ಉಳಿಯಿತು. ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತು, ಮಾತು ತೊದಲಾಯಿತು. ನಾಲ್ಕನೆಯ ದಿನ ವರಾಂಡದಲ್ಲಿ ಡಾಕ್ಟರಮ್ಮ ಕಡ್ಡಿಯನ್ನು ಕೂರಿಸಿಕೊಂಡು, ಗುತ್ತಿಗೆ, ಪಟ್ಟಿಯ ಸಂಗತಿಯನ್ನೆಲ್ಲ ಕೇಳಿ ತಿಳಿದು ಮಾತಾಡಿದಳು.

"ಈ ಕೆಲಸದ ಹೆದರಿಕೆಯೊಂದೇ ಕಾರಣ ಅಂತ ನಾನು ಹೇಳಲ್ಲ. ವಯಸ್ಸಿದೆ, ತೂಕ ಇದೆ, ಮಾತ್ರೆ ಬಿಟ್ಟಿದ್ದಾರೆ. ಆದ್ರೆ ನಾಳೆ ಕೆಲಸ ಇದೆಯೋ ಇಲ್ವೋ ಅಂತ ವರ್ಷಗಟ್ಟಲೆ ಜೀವ ಕೈಯಲ್ಲಿ ಹಿಡ್ಕೊಂಡು ಕಾದವರಿಗೆ ಹೃದಯದ ಕಾಯಿಲೆ, ಲಕ್ವ ಬರೋದು ಜಾಸ್ತಿ. ನಿದ್ದೆ ಕೆಡುತ್ತೆ, ಬಿ.ಪಿ. ಏರುತ್ತೆ, ತೋರಿಸ್ಕೊಳ್ಳೋಕೂ ಹೆದರ್ತಾರೆ. ನಿಮ್ಮ ಭಾವನಂಥೋರು ನನ್ನ ವಾರ್ಡಲ್ಲಿ ಇನ್ನೂ ಇದ್ದಾರೆ."

ಅಕ್ಕ ಒಂಬತ್ತು ದಿನ ಕಡ್ಡಿಯ ಜತೆ ಮಾತಾಡಲಿಲ್ಲ. ಬುತ್ತಿ ತಂದರೆ ಇಸಿದುಕೊಳ್ಳುತ್ತಿದ್ದಳು, ಪಾತ್ರೆ ತೊಳೆದು ಕೊಡುತ್ತಿದ್ದಳು, ಅಷ್ಟೆ. ಹತ್ತನೆಯ ದಿನ ಭಾವನ ಬೆನ್ನು ಒರೆಸುತ್ತ, ತಮ್ಮನಿಗೆ ಬೆನ್ನು ಮಾಡಿಕೊಂಡೇ ಅಂದಳು:

"ನೀನು ಆಗಲ್ಲ ಅಂದಿದ್ರೆ ಇವರು ಇನ್ನೊಬ್ಬರ ಕೈ ಕೇಳ್ತಿದ್ರು. ಅದು ನಂಗೊತ್ತು. ಆದ್ರೆ ನಂಗೊಂದು ಮಾತು ಹೇಳ್ಬೋದಿತ್ತಲ್ಲೋ. ನಾನು ಆ ಚೀಟಿ ನೋಡ್ಕೊಂಡು ನೆಮ್ಮದಿಯಾಗಿ ಮಲಗ್ತಿದ್ದೆ."

ಕಡ್ಡಿ ಅಲ್ಲಿಯೇ ಮಂಚದ ಕಾಲು ಹಿಡಿದುಕೊಂಡು ಅತ್ತುಬಿಟ್ಟ. ಭಾವ ಎಡಗೈ ಚಾಚಿ ಅವನ ತಲೆಯನ್ನು ಮುಟ್ಟಿದ.

ಮುಂದಿನ ತಪಾಸಣೆ ಬಂತು. ಗೇಟಿನ ಹತ್ತಿರ ಪ್ಯಾಕಿಂಗಿನ ಮೀಸೆಯವನು ಕಡ್ಡಿಯ ಪಕ್ಕಕ್ಕೆ ಸರಿದು ಪಿಸುಗುಟ್ಟಿದ. "ನಿನ್ನ ಕೈ ಒಂದ್ಸಲ..."

"ಕೊಡಲ್ಲ."

"ನಿಮ್ಮ ಭಾವನಿಗೆ ಕೊಟ್ಟೆಯಲ್ಲ, ನಾನು ನೋಡಿಲ್ವಾ?"

"ಕೊಟ್ಟಿದ್ದಕ್ಕೇ ಕೊಡಲ್ಲ ಅಂತಿರೋದು."

ಅವನ ಸರದಿ ಬಂದಾಗ ನರ್ಸಮ್ಮ ಗಾಳಿ ತುಂಬಿದಳು, ಇಳಿಸಿದಳು, ಮತ್ತೆ ತುಂಬಿದಳು. "ನಿಂಗೂ ಏರಿದೆಯಲ್ಲಪ್ಪ" ಎಂದಳು ಮೆಲ್ಲಗೆ. ಕಡ್ಡಿಗೆ ಆಶ್ಚರ್ಯವಾಗಲಿಲ್ಲ. ಭಾವ ಬಿದ್ದಾಗಿನಿಂದ ಅವನಿಗೂ ನಿದ್ದೆಯಿರಲಿಲ್ಲ. ಸರದಿಯಲ್ಲಿ ಹಿಂದಿದ್ದವರಿಗೆ ಕೇಳಿಸದಂತೆ ಬಗ್ಗಿ, ಭಾವನ ಚೀಟಿಯ ಸಂಗತಿಯನ್ನು ಹೇಳಿಬಿಟ್ಟ.

ಅವಳು ಪೆನ್ನು ಕೆಳಗಿಟ್ಟಳು. "ಮೊಣಕೈ ಹತ್ರ ಇಷ್ಟು ದೊಡ್ಡ ಮಚ್ಚೆ ಇರೋ ಕೈ ಎರಡೆರಡು ಸಲ ಬಂದ್ರೆ ನಂಗೆ ಗೊತ್ತಾಗಲ್ವಾ? ನಂದೂ ಮೂರು ತಿಂಗಳ ಗುತ್ತಿಗೇನೇ. ಕೆಂಪು ಚೀಟಿ ಜಾಸ್ತಿ ಬರೆದವಳನ್ನ ಮತ್ತೆ ಕರೆಯಲ್ಲ. ಕಣ್ಣಿದ್ದೂ ಕುರುಡಿ ಆಗಿದ್ದೆ." ಅವನ ಚೀಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಈಗ ನಿಂದು ಏನಂತ ಬರೀಲಿ?"

"ಇದ್ದದ್ದನ್ನೇ ಬರೀರಿ."

ಬರೆದಳು. ಕಡ್ಡಿಯ ಹೆಸರು ಮೂರು ವಾರ ಪಟ್ಟಿಯಿಂದ ಮಾಯವಾಯಿತು. ಆದರೆ ಮರುದಿನದ ಸಂಜೆ ನರ್ಸಮ್ಮ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ತನ್ನ ಸ್ವಂತ ಮೆಷಿನ್ನು ಇಟ್ಟುಕೊಂಡು ಕೂತಳು. ಹೆಸರು ಕೇಳುವುದಿಲ್ಲ, ನಂಬರು ಕೇಳುವುದಿಲ್ಲ, ನೋಡಿ ಬಾಯಲ್ಲಿ ಹೇಳುತ್ತೇನೆ ಎಂದಳು. ಶಿಫ್ಟು ಬಿಟ್ಟು ಬಂದವರಲ್ಲಿ ಹದಿನಾಲ್ಕು ಜನ ತೋಳು ಚಾಚಿದರು. ಐವರಿಗೆ ಏರಿತ್ತು. ಅವರಲ್ಲಿ ಮೀಸೆಯವನೂ ಒಬ್ಬ. ಕಡ್ಡಿ ಡಾಕ್ಟರಮ್ಮನ ಹತ್ತಿರ ಹೋಗಿ ಗೋಗರೆದ ಮೇಲೆ, ಭಾನುವಾರ ಬೆಳಿಗ್ಗೆ ಒಂದು ಗಂಟೆ ಇಂಥವರನ್ನು ನೋಡಲು ಅವಳು ಒಪ್ಪಿದಳು. ಕಡ್ಡಿಯೂ ಮಾತ್ರೆ ಶುರುಮಾಡಿದ.

ಕಂಪನಿಯವರು ಭಾವನ ವಿಷಯದಲ್ಲಿ ಕೈ ತೊಳೆದುಕೊಂಡರು. ನಮ್ಮ ದಾಖಲೆಯಲ್ಲಿ ಅವರ ಆರೋಗ್ಯ ಚೆನ್ನಾಗಿತ್ತು, ಇದಕ್ಕೂ ಕೆಲಸಕ್ಕೂ ಸಂಬಂಧವಿಲ್ಲ ಎಂದು ಒಂದು ಪುಟದ ಕಾಗದ ಬಂತು. ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡು, ಪರಿಹಾರಕ್ಕೆ ಕಾರ್ಮಿಕ ಕಚೇರಿಗೆ ಅರ್ಜಿ ಹಾಕೋಣ ಎಂದಳು.

"ಸುಳ್ಳು ಚೀಟಿ ಕೊಟ್ಟಿದ್ದು ನಾನು ಅಂತ ಬರೆಯಬೇಕಾಗುತ್ತೆ ಅಕ್ಕ" ಎಂದ ಕಡ್ಡಿ.

"ಬರೀತೀಯಾ?"

"ಬರೀತೀನಿ. ಯಾಕೆ ಕೊಟ್ಟೆ ಅಂತಾನೂ ಬರೀತೀನಿ."

"ಕೆಲಸ ಹೋಗುತ್ತೆ."

"ಇದ್ದಾಗ ಎಲ್ಲಿತ್ತು ಹೇಳು" ಎಂದ. ಎಷ್ಟೋ ದಿನದ ಮೇಲೆ ಅಕ್ಕನ ಮುಖದಲ್ಲಿ ನಗುವಿನಂಥದೇನೋ ಸುಳಿಯಿತು.

ಕಾರ್ಮಿಕ ಕಚೇರಿ ಮೊದಲ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಲು ಭಾವನಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಒಂದು ಕಡೆ ಅಕ್ಕ, ಇನ್ನೊಂದು ಕಡೆ ಕಡ್ಡಿ. ಗುಮಾಸ್ತ ಅರ್ಜಿಯನ್ನು ಓದಿ, ಬಿದ್ದುಕೊಂಡಿದ್ದ ಬಲಗೈಯನ್ನು ನೋಡಿ, ಶಾಯಿಯ ಡಬ್ಬಿಯನ್ನು ಮುಂದೆ ತಳ್ಳಿದ.

"ಹೆಬ್ಬೆಟ್ಟು ಒತ್ತಿದ್ರೆ ಸಾಕು."

ಭಾವ ತಲೆಯಲ್ಲಾಡಿಸಿದ. "ಪೆ...ನ್ನು" ಎಂದ.

ಎಡಗೈಯಲ್ಲಿ ಪೆನ್ನು ಹಿಡಿದ. ಅಕ್ಕ ಕಾಗದ ಜಾರದಂತೆ ಅಂಗೈ ಊರಿ ಹಿಡಿದಳು. ಹಿಂದೆ ಸರದಿಯಲ್ಲಿದ್ದವರು ಗೊಣಗಿದರು, ಆಮೇಲೆ ಕತ್ತು ಚಾಚಿ ನೋಡತೊಡಗಿದರು. ಒಂದೊಂದು ಅಕ್ಷರವೂ ಬೇರೆ ಬೇರೆ ಎತ್ತರಕ್ಕೆ ನಿಂತು, ಕೊನೆಯದು ಗೆರೆಯಿಂದ ಕೆಳಗೆ ಇಳಿಯಿತು. ಭಾವನ ಹಣೆಯ ಮೇಲೆ ಬೆವರು ಮೂಡಿತ್ತು. ಪೆನ್ನನ್ನು ಕಡ್ಡಿಗೆ ದಾಟಿಸಿ, ಅವನು ಸಾಕ್ಷಿಯ ಜಾಗದಲ್ಲಿ ಸಹಿ ಹಾಕುವವರೆಗೂ ಬಿಡದೆ ನೋಡಿದ.

ಗುಮಾಸ್ತ ಮೊಹರು ಒತ್ತಿ, ಮುಂದಿನ ತಿಂಗಳು ವಿಚಾರಣೆಗೆ ಮೂವರೂ ಬರಬೇಕೆಂದು ಹೇಳಿದ.