ಇಪ್ಪತ್ತೊಂದನೇ ದಿನ

ಹೊಸದುರ್ಗದ ಸುತ್ತಿನಲ್ಲಿ ಕುರಿಯ ಕಾಲು ಮುರಿಯಲಿ, ಮನುಷ್ಯರ ಕೈ ಮುರಿಯಲಿ, ಜನ ಕಾಟಲಿಂಗಪ್ಪನ ಮನೆ ದಾರಿ ಹಿಡಿಯುತ್ತಿದ್ದರು. ಮೂಳೆ ಎಳೆದು ಕೂರಿಸಿ, ಬಿದಿರು ದಬ್ಬೆ ಕಟ್ಟಿ, ಇಪ್ಪತ್ತೊಂದನೇ ದಿನ ಬಿಚ್ಚುವುದು ಅವನ ಪದ್ಧತಿ. ಅದು ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದೇ ಅವನ ಗ್ರಹಚಾರವಾಯಿತು.

ಅಂಥವನ ಬಲಗೈ ಮಣಿಕಟ್ಟೇ ನೋಯತೊಡಗಿತು. ಎರಡು ವರ್ಷ ತಾನೇ ಎಣ್ಣೆ ತಿಕ್ಕಿದ, ತಾನೇ ಪಟ್ಟು ಹಾಕಿಕೊಂಡ. ಚೊಂಬು ಎತ್ತಲೂ ಆಗದಾದಾಗ, ೧೯೭೬ರಲ್ಲಿ, ಹೆಂಡತಿ ಬರಗೇರಮ್ಮನ ಒತ್ತಾಯಕ್ಕೆ ಬೆಂಗಳೂರಿನ ಬಸ್ಸು ಹತ್ತಿದ. ಮಣಿಕಟ್ಟಿನ ನಡುವಿನ ಸಣ್ಣ ಮೂಳೆಯೊಂದು ರಕ್ತವಿಲ್ಲದೆ ಸತ್ತು ಕುಸಿದಿತ್ತು. ಡಾಕ್ಟರು ಅದನ್ನು ತೆಗೆದು, ರಬ್ಬರಿನಂಥ ಸಿಲಿಕೋನ್ ಮೂಳೆ ಇಟ್ಟರು. ಇದು ಕೂಡಿಕೊಳ್ಳುವ ಮೂಳೆಯಲ್ಲ, ಸುತ್ತಲಿನ ಮಾಂಸ ಬಿಗಿದು ಹಿಡಿದುಕೊಳ್ಳಬೇಕು, ಎರಡು ತಿಂಗಳು ಪ್ಲಾಸ್ಟರ್ ಮುಟ್ಟಕೂಡದು ಎಂದು ಬಿಡಿಸಿ ಹೇಳಿದರು. ತಲೆಯಾಡಿಸಲು ಖರ್ಚೇನು? ಕಾಟಲಿಂಗಪ್ಪ ಚೆನ್ನಾಗಿಯೇ ತಲೆಯಾಡಿಸಿ ಊರಿಗೆ ಬಂದ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ನೋವಿರಲಿಲ್ಲ. ಪ್ಲಾಸ್ಟರನ್ನು ನೀರಲ್ಲಿ ನೆನೆಸಿ, ಉಣ್ಣೆ ಕತ್ತರಿಸುವ ಕತ್ತರಿ ಎತ್ತಿಕೊಂಡ. ಬರಗೇರಮ್ಮ ಅಡ್ಡ ಬಂದಳು.

"ಎಲ್ಡು ತಿಂಗ್ಳು ಅಂದವ್ರೆ. ಬ್ಯಾಡ ಕಣ್ರಿ."

"ಮೂವತ್ತು ವರ್ಷ ಊರೋರ ಕೈ ಕಟ್ಟೀನಿ. ನನ್ ಕೈ ನಂಗೆ ಗೊತ್ತಾಗಲ್ವೇನೇ?"

ಕೈ ಹಗುರಾಗಿತ್ತು. ನಾಲ್ಕು ದಿನ ಹುಡುಗನಂತೆ ಹಿಗ್ಗಿದ. ಐದನೇ ದಿನ ಟಗರೊಂದರ ಕಾಲು ಎಳೆದು ಕೂರಿಸುವಾಗ ಮಣಿಕಟ್ಟಿನೊಳಗೆ ಏನೋ ಜಾರಿತು. ಬೆಂಗಳೂರಿನಲ್ಲಿ ಮತ್ತೆ ಕೊಯ್ದು ಆ ಮೂಳೆಯನ್ನು ತೆಗೆದರು. ಇನ್ನೊಂದು ಇಡುವ ಹಾಗಿರಲಿಲ್ಲ. ಮಣಿಕಟ್ಟು ಸೆಟೆದುಕೊಂಡಿತು, ಬೆರಳುಗಳಲ್ಲಿ ಹಿಡಿತ ಉಳಿಯಲಿಲ್ಲ. ಡಾಕ್ಟರು ಬೈದಿದ್ದರೆ ವಾಸಿಯಿತ್ತು, ಅವರು ಚೀಟಿ ಬರೆದುಕೊಟ್ಟು ಮುಂದಿನ ರೋಗಿಯನ್ನು ಕರೆದರು.

ಸುದ್ದಿ ತಿಳಿಯದ ಹೊನ್ನಕ್ಕ ಎಂಬಾಕೆ ಮುರಿದ ಮುಂಗೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಐಮಂಗಲದಿಂದ ಬಂದಳು. ಎಡಗೈಯಲ್ಲಿ ಮುಟ್ಟಿದ ಕೂಡಲೇ ಮುರಿದ ಜಾಗ ಕಾಟಲಿಂಗಪ್ಪನಿಗೆ ತಿಳಿಯಿತು. ಆದರೆ ಎಳೆಯಲು ಎರಡು ಕೈ ಬೇಕು. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹಿರಿಯೂರಿನ ಆಸ್ಪತ್ರೆಗೆ ಹೋಗೆಂದ.

ಬಾಗಿಲ ತನಕ ಹೋದ ಹೊನ್ನಕ್ಕ ತಿರುಗಿ ನಿಂತಳು. "ಅಲ್ಲಿ ಕಟ್ಟಿದ್ರೂ ಇಪ್ಪತ್ತೊಂದ್ನೇ ದಿನಕ್ಕೇ ಬಿಚ್ಚೋದಾ ಅಣ್ಣ?"

"ನನ್ನ ಕೇಳ್ಬ್ಯಾಡವ್ವ. ಅವ್ರು ಹೇಳಿದ ದಿನ ಬಿಚ್ಚು."

ಅಂದು ಬರಗೇರಮ್ಮ ಬಿದಿರು ದಬ್ಬೆಗಳ ಕಟ್ಟನ್ನು ಒಲೆಯ ಮುಂದೆ ತಂದಿಟ್ಟು ಅವನ ಮುಖ ನೋಡಿದಳು. ಅವನೇ ಎಡಗೈಯಲ್ಲಿ ಒಂದು ದಬ್ಬೆ ಎಳೆದು ಒಲೆಗಿಟ್ಟ.