ಅಮ್ಮನ ನಗುವಿನ ತುದಿ

"ಟೇಪೇ ಹಾಳಾಗಿದೆ ಕಣೇ," ಎಂದು ಅಕ್ಕ ಫೋನಿನಲ್ಲಿ ಅತ್ತಳು. "ಅಮ್ಮ ನಗೋ ಕಡೆ ಬಂದ್ರೆ ಸಾಕು, ಬರೀ ಕರಕರ ಅನ್ನುತ್ತೆ."

ಅಮ್ಮ ಹೋದ ಮೇಲೆ ಅವಳ ದನಿ ಉಳಿದಿರುವುದು ಆ ಟೇಪಿನಲ್ಲಿ ಮಾತ್ರ. ಯಾರನ್ನೋ ಆಡಿಕೊಳ್ಳಲು ಹೋಗಿ, ಮಾತು ಮುಗಿಸಲಾಗದೆ ಬಿದ್ದು ಬಿದ್ದು ನಗುತ್ತಾಳೆ. ಆಂಪ್ಲಿಫೈಯರ್ ರಿಪೇರಿಯಲ್ಲೇ ಹೊಟ್ಟೆ ಹೊರೆಯುವವಳು ನಾನು. ಆದರೂ ಅಕ್ಕನ ಮನೆ ತಲುಪುವವರೆಗೂ ಒಂದೇ ಭಯ. ಆಂಪ್ಲಿಫೈಯರಿನ ಶಕ್ತಿಗೆ ಒಂದು ಮಿತಿಯಿದೆ. ಮೀರಿದರೆ ದನಿಯ ಅಲೆಯ ತಲೆಯನ್ನೇ ಚಪ್ಪಟೆಯಾಗಿ ಕತ್ತರಿಸಿಬಿಡುತ್ತದೆ; ನಮ್ಮವರು ಕ್ಲಿಪ್ಪಿಂಗ್ ಅನ್ನುವುದು ಇದಕ್ಕೇ. ಕತ್ತರಿಸುತ್ತಿರುವುದು ಆಂಪ್ಲಿಫೈಯರಾದರೆ ಚಿಂತೆಯಿಲ್ಲ. ರೆಕಾರ್ಡ್ ಮಾಡುವಾಗಲೇ ಕತ್ತರಿಸಿಹೋಗಿದ್ದರೆ, ಆ ನಗು ಇನ್ನು ಯಾರ ಕೈಗೂ ಸಿಗುವುದಿಲ್ಲ.

ಅಪ್ಪ ಸ್ಪೀಕರಿನ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದರು. ವಾಲ್ಯೂಮ್ ತುತ್ತತುದಿಯಲ್ಲಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಇಷ್ಟು ಜೋರಾಗಿಟ್ರೆ ಯಾವ ಆಂಪ್ಲಿಫೈಯರ್ ತಾನೆ ತಡ್ಕೊಳ್ಳುತ್ತೆ? ಸ್ಪೀಕರೂ ಸುಟ್ಟುಹೋಗುತ್ತೆ ಅಷ್ಟೇ!"

"ನನ್ನ ಮೇಲೆ ಯಾಕೆ ಹಾರಾಡ್ತೀಯ? ನಾನು ಕಡಿಮೆ ಮಾಡಿದ್ರೆ ಅಪ್ಪ ಮತ್ತೆ ಜಾಸ್ತಿ ಮಾಡ್ತಾರೆ. ಮೊಂಡುತನ!" ಎಂದು ಅಕ್ಕ ತಿರುಗಿಬಿದ್ದಳು.

ಅಪ್ಪ ಎಂದಿನಂತೆ ತಲೆಯಾಡಿಸಿ ನಕ್ಕರು. ಮೊದಲಿನಿಂದಲೂ ಅವರದು ಮಾತು ಕಡಿಮೆ.

ಅಲೆಗಳನ್ನು ತೋರಿಸುವ ಸ್ಕೋಪನ್ನು ಮೊದಲು ಟೇಪ್ ಡೆಕ್ಕಿಗೆ ಸಿಕ್ಕಿಸಿದೆ. ಪುಟ್ಟ ಪರದೆಯ ಮೇಲೆ ಅಮ್ಮನ ನಗು ಏರಿತು, ಇಳಿಯಿತು. ಪ್ರತಿ ಅಲೆಯ ತುದಿಯೂ ದುಂಡಗೆ, ಇಡಿಯಾಗಿತ್ತು. ಸ್ಪೀಕರಿನ ತಂತಿಗೆ ಹಚ್ಚಿ ನೋಡಿದರೆ ಅವೇ ತುದಿಗಳು ಮೇಜಿನ ಹಲಗೆಯಷ್ಟು ಚಪ್ಪಟೆ.

"ಅಕ್ಕಾ, ಟೇಪಿಗೆ ಏನೂ ಆಗಿಲ್ಲ ಕಣೇ!"

ವಾಲ್ಯೂಮ್ ಇಳಿಸಿ, ಟೇಪನ್ನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದೆ. ಅಮ್ಮ ನಕ್ಕಳು. ಎಲ್ಲೂ ಕರಕರವಿಲ್ಲ. ನಗುತ್ತ ನಗುತ್ತ ಅವಳು ಉಸಿರೆಳೆದುಕೊಳ್ಳುವ ಸಣ್ಣ ಸದ್ದೂ ಸ್ಪಷ್ಟವಾಗಿತ್ತು. ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಬಿಕ್ಕಿದಳು. ನನಗೂ ತಡೆಯಲಾಗಲಿಲ್ಲ. ಇಷ್ಟು ಸಂತೋಷಪಟ್ಟು ಎಷ್ಟೋ ಕಾಲವಾಗಿತ್ತು.

ಅಪ್ಪ ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೊಂದರಂತೆ ನೋಡಿದರು.

"ಯಾಕ್ರಮ್ಮಾ ಅಳ್ತಿದೀರಿ? ಟೇಪು ಪೂರ್ತಿ ಹೋಗೇಬಿಡ್ತಾ?"

ಟೇಪು ತಿರುಗುತ್ತಲೇ ಇತ್ತು. ಅಮ್ಮ ನಗುತ್ತಲೇ ಇದ್ದಳು. ಅಕ್ಕ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. ತಮ್ಮ ಕಿವಿ ಮಂದವಾದದ್ದನ್ನು ಅಪ್ಪ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಸ್ಪೀಕರ್ ಸುಟ್ಟರೆ ಸುಡಲಿ ಎಂದು ವಾಲ್ಯೂಮನ್ನು ಮತ್ತೆ ತುದಿಗೆ ತಿರುಗಿಸಿದೆ. ನಗು ಒಡೆದು ಚೂರಾಗಿ ಕೋಣೆಯನ್ನೆಲ್ಲ ತುಂಬಿತು.

ಅಪ್ಪನ ಮುಖ ಅರಳಿತು. "ಹಾಂ, ಸರಿಹೋಯ್ತು ನೋಡು," ಎಂದರು.