ಎರಡನೇ ಸಲದ ಮರಳು

ಮೂರನೆಯ ಗುಂಡಿ ಹಾಕುವಷ್ಟರಲ್ಲಿ ಅದು ಕಿತ್ತು ಮಗಳ ಕೈಗೇ ಬಂತು. ಅವಳು ಅಪ್ಪನ ಮಂಚದ ಅಂಚಿನಲ್ಲಿ ಕೂತು, ಸೂಜಿಗೆ ದಾರ ಪೋಣಿಸಿ, ಅಪ್ಪನ ಮೈಮೇಲಿದ್ದ ಕೋಟಿಗೇ ಗುಂಡಿ ಹೊಲಿಯತೊಡಗಿದಳು. ಸೂಜಿ ಅವರಿಗೆ ಚುಚ್ಚದಿರಲಿ ಎಂದು ಎಡಗೈ ಬೆರಳನ್ನು ಬಟ್ಟೆಯಡಿ ಒತ್ತಿ ಹಿಡಿದಿದ್ದಳು.

"ಬಿಡೇ, ಗಾಡಿ ಬಂದು ಆಗಲೇ ನಿಂತಿದೆ. ಅದೊಂದು ಗುಂಡಿ ಇಲ್ದಿದ್ರೆ ಅಣ್ಣ ಎದ್ದು ಕೇಳ್ತಾನಾ?" ಅಂದಳು ಬಾಗಿಲಲ್ಲಿ ನಿಂತಿದ್ದ ಸೋದರತ್ತೆ.

"ಕೇಳೋರೇ ಅತ್ತೆ. ಗುಂಡಿ ಬಿಟ್ಕೊಂಡು ಪುರಸಭೆ ಮೆಟ್ಟಿಲು ಹತ್ತಿದೋರಲ್ಲ."

ಅತ್ತೆ ಒಳಗೆ ಬಂದು ಅಣ್ಣನ ಕಾಲಿನ ಹೊದಿಕೆ ಸರಿಮಾಡಿದಳು. ಅದು ಸರಿಯಾಗಿಯೇ ಇತ್ತು. "ಸಭಾಂಗಣದಲ್ಲಿ ಒಂದು ಗಂಟೆ ಹೊತ್ತು ಇಡ್ತಾರಂತೆ. ಮನೆ ಕಡೆಯಿಂದ ಒಬ್ಬರು ನಾಲ್ಕು ಮಾತು ಆಡ್ಬೇಕು ಅಂತ ಅಧ್ಯಕ್ಷರು ಹೇಳಿ ಕಳಿಸಿದಾರೆ. ಇರೋಳು ನೀನೊಬ್ಬಳೇ."

"ನಾನಾಡಲ್ಲ."

"ಹೆಣ ಮುಂದಿಟ್ಕೊಂಡು ಹಳೇ ಲೆಕ್ಕ ತೆಗೀಬೇಡ ಕಣೇ."

"ಲೆಕ್ಕ ನಾನು ತೆಗ್ದಿಲ್ಲ ಅತ್ತೆ. ಆ ಸಭೆಯಲ್ಲಿ ನಾನು ಬಾಯಿ ತೆಗೆದ ದಿನ ಅಪ್ಪ ಗಂಟೆ ಹೊಡೆದು ಮುಚ್ಚಿಸಿದ್ರು. ಈಗ ಅವರು ಮಲಗಿದಾರೆ ಅಂತ ನಾನು ಬಾಯಿ ತೆಗೀಲಾ?"

ದಾರವನ್ನು ಹಲ್ಲಿನಿಂದ ಕಡಿಯಲು ಬಾಗಿದಾಗ ಕೋಟಿನಿಂದ ಹಳೆಯ ವಾಸನೆ ಬಂತು, ಸೋಪು ಮತ್ತು ಹಿತ್ತಾಳೆ ಉಜ್ಜುವ ಪುಡಿಯದು. ಅವಳಿಗೆ ಅಳು ಬಂತು. ಬಂದದ್ದಕ್ಕೆ ಸಿಟ್ಟೂ ಬಂತು.

ಊರಿಗೆಲ್ಲ ಅವರು ಗಂಟೆಯಣ್ಣ. ಪುರಸಭೆಯ ಸಭಾಂಗಣದಲ್ಲಿ, ಅಧ್ಯಕ್ಷರ ಪೀಠದ ಎಡಗಡೆ, ಒಂದು ಚಿಕ್ಕ ಮೇಜು ಅವರದು. ಮೇಜಿನ ಮೇಲೆ ಒಂದು ಮರಳುಗಡಿಯಾರ, ಒಂದು ಹಿತ್ತಾಳೆಯ ಕೈಗಂಟೆ. ಮಾತಾಡಲು ನಿಂತವರು ಯಾರೇ ಆಗಲಿ, ಗಡಿಯಾರ ತಿರುಗಿಸುವುದು, ಮೇಲಿನ ಮರಳು ಪೂರ್ತಿ ಕೆಳಗಿಳಿದ ಕೂಡಲೇ ಗಂಟೆ ಹೊಡೆಯುವುದು, ಇಷ್ಟೇ ಕೆಲಸ. ಚರಂಡಿ, ಬೀದಿದೀಪ, ಸಂತೆಕಟ್ಟೆಯ ಬಾಡಿಗೆ, ಊರ ನಾಯಿಗಳು, ಯಾವ ವಿಷಯವೇ ಬರಲಿ, ಅವರ ಕಣ್ಣು ಮರಳಿನ ಮೇಲೆ. ಗಂಟೆ ಆದಮೇಲೆ ಆಡಿದ ಮಾತು ನಡಾವಳಿಗೆ ಸೇರುತ್ತಿರಲಿಲ್ಲ. ಆಡಿದರೂ ಆಡದಂತೆಯೇ. ದೊಡ್ಡ ಗುತ್ತಿಗೆದಾರರನ್ನು ಅರ್ಧ ವಾಕ್ಯದಲ್ಲಿ ಕೂರಿಸಿದವರು ಅವರು. ಮಾಜಿ ಅಧ್ಯಕ್ಷರೊಬ್ಬರು ಕೆಮ್ಮಿ ಕೆಮ್ಮಿ ಹೊತ್ತು ಕಳೆದು, "ಕೆಮ್ಮಿದ್ದು ಲೆಕ್ಕಕ್ಕಿಲ್ಲ" ಎಂದು ವಾದಿಸಿದಾಗ, "ಮರಳಿಗೆ ಕೆಮ್ಮು ಗೊತ್ತಾಗಲ್ಲ ಸ್ವಾಮಿ" ಎಂದು ಟಣ್ಣನೆ ಬಾರಿಸಿದ್ದು ಊರಲ್ಲಿ ಇವತ್ತಿಗೂ ನಗೆಯ ಮಾತು.

ಅಂಥವರು ಮಗಳ ಮೇಲೂ ಬಾರಿಸಿದರು.

* * *

ಅದಾಗಿ ಹತ್ತು ವರ್ಷದ ಮೇಲಾಯಿತು. ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳನ್ನು ಅವಳು ಮನೆಯ ಮುಂದಿನ ಕೋಣೆಯಲ್ಲಿ ನೋಡಿಕೊಳ್ಳುತ್ತಿದ್ದಳು. ವಾಸದ ಬೀದಿಗಳ ಮನೆಗಳಲ್ಲಿ ಯಾವ ವಹಿವಾಟೂ ನಡೆಯಕೂಡದು ಎಂಬ ಉಪವಿಧಿ ಪುರಸಭೆಯ ಮುಂದೆ ಬಂತು. ಕಮ್ಮಾರನ ಸದ್ದಿಗೂ ಬಣ್ಣದಂಗಡಿಯ ಘಾಟಿಗೂ ಮಾಡಿದ ಕಾನೂನಿನಲ್ಲಿ ಕೂಸುಗಳೂ ಸಿಕ್ಕಿಬಿದ್ದವು. ಕೂಸುಗಳನ್ನು ನೋಡಿಕೊಳ್ಳುವ ಮನೆಗಳನ್ನು ಹೊರಗಿಡಿ ಎಂದು ಕೇಳಲು ಅವಳು ಸಾರ್ವಜನಿಕರ ಅಹವಾಲಿನ ದಿನ ಸಭೆಗೆ ಹೋದಳು.

ಮಾತಾಡುವ ಕಟಕಟೆಯಲ್ಲಿ ಸದಸ್ಯರಿಗೆ ಮುಖಮಾಡಿ ನಿಂತವರಿಗೆ ಅಪ್ಪನ ಮೇಜು ಬೆನ್ನಿಗೆ. ಮರಳು ಕಾಣುತ್ತಿರಲಿಲ್ಲ. ಮಾನ್ಯ ಅಧ್ಯಕ್ಷರೇ, ಮಾನ್ಯ ಉಪಾಧ್ಯಕ್ಷರೇ ಎನ್ನುವುದರಲ್ಲೇ ಅವಳ ಅರ್ಧ ಧೈರ್ಯ ಹೋಯಿತು. ಬರೆದುಕೊಂಡು ಬಂದದ್ದನ್ನು ತಡವರಿಸುತ್ತ ಓದಿದಳು. ಅರ್ಧ ಜನ ತೂಕಡಿಸುತ್ತಿದ್ದರು. ಆಮೇಲೆ ಏನನ್ನಿಸಿತೋ, ಹಾಳೆ ಮಡಚಿಟ್ಟಳು.

"ನೂಲಿನ ಗಿರಣಿಗೆ ಹೋಗೋ ಒಬ್ಬ ತಾಯಿ ಇದ್ದಳು. ಕೂಸನ್ನ ಬಿಟ್ಟುಹೋಗೋಕೆ ಜಾಗ ಇರಲಿಲ್ಲ. ಹಳೇ ದುಪ್ಪಟಿ ಹರಿದು, ಕೂಸಿನ ಸೊಂಟಕ್ಕೊಂದು ತುದಿ, ಮಂಚದ ಕಾಲಿಗೊಂದು ತುದಿ ಕಟ್ಟಿ ಹೋಗೋಳು. ಒಲೆ ಹತ್ರ ಹೋಗಬಾರ್ದಲ್ಲ, ಅದಕ್ಕೆ. ದುಪ್ಪಟಿ ಎಷ್ಟು ಉದ್ದ ಇತ್ತೋ, ಆ ಕೂಸಿನ ಪ್ರಪಂಚ ಅಷ್ಟೇ ಉದ್ದ."

ತೂಕಡಿಸುತ್ತಿದ್ದವರು ಎದ್ದು ಕೂತರು.

"ಆ ಕೂಸು ಬೇರೆ ಯಾರೂ ಅಲ್ಲ. ಇದೇ ಪುರಸಭೆಯಲ್ಲಿ ಕೆಲಸ ಮಾಡೋ..."

ಟಣ್.

ಅವಳು ತಿರುಗಿ ನೋಡಿದಳು. ಅಪ್ಪ ಗಂಟೆಯನ್ನು ಮೇಜಿನ ಮೇಲಿಟ್ಟು, ತಲೆ ಬಗ್ಗಿಸಿ ಕೂತಿದ್ದರು. ಉಪವಿಧಿ ಹಾಗೇ ಪಾಸಾಯಿತು.

ಆಮೇಲೆ ಮನೆಯಲ್ಲಿ ಅವಳು ಒಂದೇ ಮಾತು ಹೇಳಿದ್ದು. "ನಿಮ್ಮ ಮಾನ ಹೋಗುತ್ತೆ ಅಂತ ಹೊಡೆದ್ರಿ. ಮನೆಗೆ ಮಾರಿ, ಊರಿಗೆ ಉಪಕಾರಿ." ಅಂದಿನಿಂದ ಒಂದೇ ಸೂರಿನಡಿ ಅವಳು ಊಟ ಬಡಿಸಿದಳು, ಬಟ್ಟೆ ಒಗೆದಳು, ಜ್ವರ ಬಂದಾಗ ನಿದ್ದೆಗೆಟ್ಟಳು. ಊಟ ಆಯ್ತಾ, ಔಷಧಿ ತಗೊಂಡ್ರಾ ಎನ್ನುವುದರಾಚೆ ಮಾತು ಬೆಳೆಯಲಿಲ್ಲ. ಸ್ವಲ್ಪ ದಿನಕ್ಕೇ ಅಪ್ಪ ಗಂಟೆ ಬಿಟ್ಟು ಪುರಸಭೆಯ ಗೇಟಿನ ಕೆಲಸಕ್ಕೆ ಹೋದರು. ವಯಸ್ಸಾಯಿತು, ಕಿವಿ ಮಂದವಾಯಿತು ಎಂದುಕೊಂಡಳು ಅವಳು. ಮರುವರ್ಷ ಪುರಸಭೆಯೇ ಉಪವಿಧಿಯನ್ನು ತಿದ್ದಿತು. ಕೂಸುಗಳು ವಾಪಸು ಬಂದವು. ಮಾತು ಮಾತ್ರ ಬರಲಿಲ್ಲ.

* * *

ಸಭಾಂಗಣದಲ್ಲಿ ಎರಡು ಮೇಜು ಜೋಡಿಸಿ ಗಂಟೆಯಣ್ಣನನ್ನು ಮಲಗಿಸಿದ್ದರು. ಅವರ ಹಳೆಯ ಚಿಕ್ಕ ಮೇಜು ಅದರ ಜಾಗದಲ್ಲೇ ಇತ್ತು. ಈಗ ಗಂಟೆ ನೋಡಿಕೊಳ್ಳುವ ನಡುವಯಸ್ಸಿನ ಜವಾನ ಅಭ್ಯಾಸಬಲದಿಂದ ಮರಳುಗಡಿಯಾರವನ್ನೂ ಗಂಟೆಯನ್ನೂ ತಂದಿಟ್ಟು, ಇಡಬೇಕಿತ್ತೋ ಬೇಡವೋ ತಿಳಿಯದೆ ಪಕ್ಕದಲ್ಲಿ ಕೂತಿದ್ದ.

ಅಧ್ಯಕ್ಷರು ಮಾತಾಡುತ್ತಿದ್ದರು. ಮೃತರ ಸಮಯಪಾಲನೆಯ ಬಗ್ಗೆ ಅವರು ಆಡುತ್ತಿದ್ದ ಮಾತು ಮುಗಿಯುವ ಲಕ್ಷಣವೇ ಇರಲಿಲ್ಲ.

"ಗಂಟೆಯಣ್ಣ ಇದ್ದಿದ್ರೆ ಇಷ್ಟೊತ್ತಿಗೆ ಕೂರಿಸಿಬಿಡೋರು," ಹಿಂದಿನ ಸಾಲಿನಲ್ಲಿ ಒಬ್ಬ ಪಿಸುಗುಟ್ಟಿದ.

"ಅವರು ಇಲ್ಲ ಅಂತಲೇ ಅಲ್ವಾ ಇಷ್ಟು ಧೈರ್ಯ," ಎಂದ ಇನ್ನೊಬ್ಬ.

ಮಗಳು ಎದ್ದು ಹೊರಗಿನ ಮೊಗಸಾಲೆಗೆ ಬಂದಳು. ನೀರಿನ ಡ್ರಮ್ಮಿನ ಪಕ್ಕದ ಬೆಂಚಿನಲ್ಲಿ ಕಲಮಮ್ಮ ಕೂತಿದ್ದರು. ಹಿಂದೆ ಐದು ಸಲ ಸದಸ್ಯೆಯಾಗಿದ್ದವರು. ಯಾರು ಏನೇ ಹೇಳಿದರೂ "ಯಾವ ಕಲಂ ಪ್ರಕಾರ?" ಎಂದು ಕೇಳುತ್ತಿದ್ದುದರಿಂದ ಆ ಹೆಸರು. ಈಗ ಕೈಯಲ್ಲಿ ಊರುಗೋಲು, ಕೈಯೂ ನಡುಗುತ್ತದೆ. ಅವಳ ಅಹವಾಲಿನ ದಿನ ವಿರುದ್ಧವಾಗಿ ಮೊದಲು ಕೈಯೆತ್ತಿದವರೂ ಅವರೇ.

"ನೀನು ಮಾತಾಡಲ್ಲ ಅಂದೆಯಂತೆ. ಕೂತ್ಕೋ," ಎಂದರು.

ಅವಳು ಕೂರಲಿಲ್ಲ.

"ಸರಿ, ನಿಂತೇ ಕೇಳು. ನನ್ನ ಕುರ್ಚಿ ಇದ್ದದ್ದು ನಿಮ್ಮಪ್ಪನ ಮೇಜಿನ ಮಗ್ಗುಲಿಗೆ. ಅವತ್ತು ನೀನು ಕಾಗದ ಓದ್ತಾ ಇದ್ದಾಗಲೇ ಮರಳು ಮುಗಿದಿತ್ತು."

ಅವಳು ಅವರ ಮುಖ ನೋಡಿದಳು.

"ನಿಮ್ಮಪ್ಪ ಗಂಟೆ ಮುಟ್ಟಲಿಲ್ಲ. ಕೋಟಿನ ತೋಳು ಅಡ್ಡ ಇಟ್ಟು, ಮೆಲ್ಲಗೆ ಗಡಿಯಾರ ತಿರುಗಿಸಿಬಿಟ್ರು. ದುಪ್ಪಟಿ ಮಾತು ನೀನು ಆಡಿದ್ದು ಆ ಎರಡನೇ ಸಲದ ಮರಳಿನಲ್ಲಿ. ಅದೂ ಮುಗೀತು. ಮತ್ತೆ ಕೈ ಗಡಿಯಾರದ ಹತ್ರ ಹೋಯ್ತು. ಆಗ ನಾನು ಕೆಮ್ಮಿದೆ. ತಿರುಗಿ ನನ್ನ ನೋಡಿದ್ರು. ನಾನು ಗಂಟೆ ಕಡೆ ಬೆರಳು ತೋರಿಸಿದೆ. ಅವರು ಹೊಡೆದದ್ದಲ್ಲಮ್ಮ. ನಾನು ಹೊಡೆಸಿದ್ದು."

ಒಳಗೆ ಅಧ್ಯಕ್ಷರ ದನಿ ಏರಿ ಇಳಿಯಿತು.

"ಮಾರನೇ ದಿನ ನನ್ನ ಮನೆ ಬಾಗಿಲಿಗೆ ಬಂದ್ರು. ನನ್ನ ಮೇಲೆ ದೂರು ಕೊಡಿ ತಾಯಿ, ಅವಳ ಮಾತು ಮಾತ್ರ ನಡಾವಳಿಯಿಂದ ಅಳಿಸಬೇಡಿ ಅಂದ್ರು. ಅದು ಹೇಗಾಗುತ್ತೆ? ಗಡಿಯಾರ ತಿರುಗಿಸಿದ್ದು ಹೊರಗೆ ಬಂದ್ರೆ, ಆಮೇಲೆ ನೀನಾಡಿದ ಮಾತು ಅಳಿಸಲೇಬೇಕು. ಸುಮ್ಮನಿದ್ದುಬಿಡೋಣ ಅಂದೆ. ಜೀವಮಾನದಲ್ಲಿ ನಾನು ಕಲಂ ಬಿಟ್ಟು ನಡೆದದ್ದು ಅದೊಂದೇ ಸಲ. ಆದರೆ ಅವರಿಗೆ ಸುಮ್ಮನಿರೋಕಾಗಲಿಲ್ಲ. ಇನ್ನು ಆ ಗಂಟೆ ಮುಟ್ಟೋ ಯೋಗ್ಯತೆ ನನಗಿಲ್ಲ ಅಂತ ತಾವಾಗೇ ಗೇಟಿಗೆ ಹೋದ್ರು. ಮರುವರ್ಷ ತಿದ್ದುಪಡಿ ತಂದಾಗ ನಾನು ಸಭೆಗೆ ಓದಿದ್ದು ನಿನ್ನ ಆ ಮಾತುಗಳನ್ನೇ."

"ನನಗ್ಯಾಕೆ ಹೇಳಲಿಲ್ಲ?" ಅವಳ ದನಿ ಒಡೆಯಿತು. "ಹತ್ತು ವರ್ಷ ಒಂದೇ ಮನೆಯಲ್ಲಿ... ನನಗ್ಯಾಕೆ ಹೇಳಲಿಲ್ಲ?"

"ನಾನೂ ಕೇಳಿದೆ. ಅವಳಿಗೆ ಗೊತ್ತಾದ್ರೆ ನನ್ನ ಪರವಾಗಿ ಸಭೆಗೇ ಬಂದು ನಿಂತ್ಕೋತಾಳೆ, ಎಲ್ಲಾ ಬಯಲಾಗುತ್ತೆ, ತಿದ್ದುಪಡಿ ಬಿದ್ದುಹೋಗುತ್ತೆ, ಕೂಸುಗಳು ಮತ್ತೆ ಬೀದಿಗೆ ಬೀಳ್ತಾವೆ ಅಂದ್ರು. ಸಿಟ್ಟು ಮಾಡ್ಕೊಂಡ್ರೆ ಮಾಡ್ಕೊಳ್ಲಿ, ಊಟಕ್ಕಂತೂ ಬಡಿಸ್ತಾಳೆ ಅಂತ ನಕ್ಕರು."

ಅವಳು ಡ್ರಮ್ಮಿನ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು, ಮತ್ತೆ ಮತ್ತೆ ಹಾಕಿಕೊಂಡಳು. ಕಣ್ಣೀರು ಯಾವುದು, ನಲ್ಲಿನೀರು ಯಾವುದು ಎಂದು ಯಾರಿಗೂ ತಿಳಿಯುವಂತಿರಲಿಲ್ಲ. ನಿನ್ನೆ ಬೆಳಿಗ್ಗೆಯವರೆಗೂ ಅಪ್ಪ ಉಸಿರಾಡುತ್ತಿದ್ದರು. ಕೇಳಬಹುದಿತ್ತು. ಒಂದು ಸಲ ಬಾಯಿಬಿಟ್ಟು ಕೇಳಬಹುದಿತ್ತು.

* * *

ಅಧ್ಯಕ್ಷರು ಕೊನೆಗೂ ಕೂತರು. ಮನೆಯವರು ಯಾರಾದರೂ ಎಂದು ಅವರು ಸುತ್ತ ನೋಡುವಷ್ಟರಲ್ಲಿ ಮಗಳು ಕಟಕಟೆಗೆ ಬಂದಿದ್ದಳು. ಮುಂದಿನ ಸಾಲಿನಲ್ಲಿದ್ದ ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಚಿಕ್ಕ ಮೇಜಿನ ಜವಾನ, ಯೋಚಿಸದೆಯೇ, ಗಡಿಯಾರ ತಿರುಗಿಸಿಟ್ಟ. ಕಲಮಮ್ಮ ಊರುಗೋಲು ಊರುತ್ತ ಬಂದು ತಮ್ಮ ಹಳೆಯ ಕುರ್ಚಿಯಲ್ಲಿ ಕೂತರು.

ಅವಳು ಈ ಸಲ ಮಾನ್ಯರನ್ನು ಕರೆಯಲಿಲ್ಲ. ಅಪ್ಪನ ಕೋಟಿನ ಮೂರನೆಯ ಗುಂಡಿ ನೋಡುತ್ತ ಶುರುಮಾಡಿದಳು.

"ಅವತ್ತು ನಿಂತ ಮಾತಿನಿಂದಲೇ ಹೇಳ್ತೀನಿ. ಆ ಕೂಸು ನಾನು. ಅಮ್ಮ ಬೆಳಿಗ್ಗೆ ಕಟ್ಟಿ ಗಿರಣಿಗೆ ಹೋಗೋಳು. ಮಧ್ಯಾಹ್ನದ ಬಿಡುವಿನಲ್ಲಿ ಅಪ್ಪ ಇಲ್ಲಿಂದ ಓಡಿ ಬರೋರು. ಸಭಾಂಗಣದ ಬೀಗ ಸರಿ ಇರಲಿಲ್ಲವಂತೆ, ಗಂಟೆ ಜೇಬಲ್ಲೇ ಇರೋದು. ಬೀದಿ ತಿರುವಿನಲ್ಲೇ ತೆಗೆದು ಬಾರಿಸೋರು. ಬಂದೆ ಕಣೇ, ಅಳಬೇಡ ಅಂತ. ಅದು ಕೇಳಿದ್ರೆ ಸಾಕು, ನಾನು ದುಪ್ಪಟಿ ಜಗ್ಗಿಕೊಂಡು ಎದ್ದು ನಿಲ್ಲೋಳು. ನೀವೆಲ್ಲ ಹೆದರ್ತಿದ್ದ ಗಂಟೆ ಅದೇ."

ಯಾರೋ ಮೂಗೆಳೆದುಕೊಂಡರು.

"ಗಂಟು ಬಿಚ್ಚೋರು. ತುತ್ತು ಮಾಡಿ ತಿನ್ನಿಸೋರು. ಬೀದಿ ತುದಿ ತನಕ ಹೆಗಲ ಮೇಲೆ ಕೂರಿಸ್ಕೊಂಡು ಹೋಗಿ ಬರೋರು. ಆಮೇಲೆ ಮತ್ತೆ ಕಟ್ಟಬೇಕಲ್ಲ. ಕಟ್ಟುವಾಗ ಮುಖ ಆಚೆ ತಿರುಗಿಸ್ಕೊಳ್ಳೋರು..."

ಅವಳಿಗೆ ಮುಂದಿನ ಮಾತು ಹೊರಡಲಿಲ್ಲ. ಕಟಕಟೆಯ ಅಂಚು ಹಿಡಿದು ಸುಮ್ಮನೆ ನಿಂತಳು. ಹಿಂದೆ ಮರಳಿನ ಕೊನೆಯ ಎಳೆ ಇಳಿದು ನಿಂತುಹೋಯಿತು. ಜವಾನನ ಕೈ ಗಂಟೆಯ ಹಿಡಿಗೆ ಹೋಗಿ ಅರ್ಧದಲ್ಲೇ ತಡೆಯಿತು. ಅವನು ಅಧ್ಯಕ್ಷರನ್ನು ನೋಡಿದ. ಅಧ್ಯಕ್ಷರು ಫ್ಯಾನು ನೋಡಿದರು.

ಕಲಮಮ್ಮ ಊರುಗೋಲನ್ನು ಕುರ್ಚಿಗೆ ಆನಿಸಿ ಎದ್ದರು. ಮೇಜಿನ ಅಂಚು ಹಿಡಿದುಕೊಂಡು, ನಡುಗುವ ಕೈ ಚಾಚಿ, ಎಲ್ಲರೂ ನೋಡುತ್ತಿದ್ದಂತೆಯೇ ಮರಳುಗಡಿಯಾರವನ್ನು ತಿರುಗಿಸಿಟ್ಟರು.